ಓದಲು ಬಾರದ ಮಗುವಿಗೆ ಬೋರ್ಡ್ ಹಾಕುವುದು

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಂಗನವಾಡಿಯವರೂ ಇದ್ದೀರಿ, ನರ್ಸರಿ ಟೀಚರ್‌ಗಳೂ ಇದ್ದೀರಿ. ಬೆಳಿಗ್ಗೆಯಿಂದ ಮಕ್ಕಳ ಜೊತೆ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದವರೇ ಜಾಸ್ತಿ. ಅದಕ್ಕೇ ಈ ವಿಷಯ ತೆಗೆದುಕೊಂಡೆ.

ನನ್ನ ಮೊದಲ ಬೋರ್ಡ್ ಅಡುಗೆಮನೆ ಆಟದ ಮೂಲೆಯದು. ‘ನಾಲ್ಕು ಮಕ್ಕಳು ಮಾತ್ರ’ ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ಅವತ್ತೇ ಅಲ್ಲಿ ಒಂಬತ್ತು ಮಕ್ಕಳು. ಇದ್ದ ಒಂದು ಕುಕ್ಕರ್‌ಗೆ ಇಬ್ಬರು ಜಗ್ಗಾಡುತ್ತಿದ್ದರು. ನಾನು ದೂರದಿಂದ ‘ನಾಲ್ಕೇ ಜನ, ನಾಲ್ಕೇ ಜನ’ ಅಂತ ಕೂಗುತ್ತಲೇ ಇದ್ದೆ. ಮೂರೂವರೆ ವರ್ಷದ ಮಗು ಆ ಬೋರ್ಡ್ ಓದುವುದು ಹೇಗೆ?

ಓದು ಬಾರದವರಿಗೆ ಗುರುತು ಕೊಡುವುದು ನಮಗೇನೂ ಹೊಸದಲ್ಲ. 1951-52ರ ಮೊದಲ ಮಹಾ ಚುನಾವಣೆಯಲ್ಲಿ ಕೋಟ್ಯಂತರ ಜನ ಚಿಹ್ನೆ ನೋಡಿಯೇ ಓಟು ಹಾಕಿದರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲೂ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಚಟುವಟಿಕೆ ಮಾಡುತ್ತಾ ಕಲಿಯುವ ಪದ್ಧತಿಯಲ್ಲೂ, ಮಗು ಚಿತ್ರದ ಗುರುತು ನೋಡಿ ತನ್ನ ಚಟುವಟಿಕೆ ಹುಡುಕಿಕೊಳ್ಳುತ್ತದೆ. ನಮ್ಮ ಮೆಟ್ರೋದಲ್ಲಿ ಓಡಾಡುವ ಮಗುವಿಗೆ ಯಾವುದು ನೇರಳೆ, ಯಾವುದು ಹಸಿರು ಅಂತ ಅಕ್ಷರಕ್ಕಿಂತ ಮೊದಲೇ ಗೊತ್ತು, ಅಲ್ವಾ? ಒಂದೇ ಕೋಣೆಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳಿರುವ ನಮ್ಮ ಊರಲ್ಲಿ ಚಿತ್ರ ಎಲ್ಲರಿಗೂ ಅರ್ಥವಾಗುತ್ತದೆ.

ಹಾಗಾಗಿ ಬೋರ್ಡ್ ಕಿತ್ತು, ಆ ಜಾಗದಲ್ಲಿ ನಾಲ್ಕು ಕೊಕ್ಕೆ ಹೊಡೆಸಿದೆ. ಒಂದೊಂದು ಕೊಕ್ಕೆಯ ಮೇಲೆ ಒಂದೊಂದು ಮಗುವಿನ ಚಿತ್ರ. ಪ್ರತಿ ಮಗುವಿಗೂ ದಾರ ಕಟ್ಟಿದ ಕಾರ್ಡು, ಅದರ ಮೇಲೆ ಅವರದೇ ಫೋಟೋ. ಆಡಲು ಬಂದವರು ಕಾರ್ಡ್ ನೇತುಹಾಕಬೇಕು, ಹೋಗುವಾಗ ತೆಗೆದುಕೊಳ್ಳಬೇಕು. ಎಣಿಸಲು ಬರದಿದ್ದರೂ ಖಾಲಿ ಕೊಕ್ಕೆ ಕಣ್ಣಿಗೆ ಕಾಣುತ್ತದೆ.

ಮೂರನೇ ದಿನ ತೆಲುಗು ಮನೆಮಾತಿನ ಒಬ್ಬ ಹುಡುಗಿ ಬಂದಳು. ನಾಲ್ಕೂ ಕೊಕ್ಕೆ ಭರ್ತಿ. ಒಂದೊಂದು ಕಾರ್ಡನ್ನೂ ಬೆರಳಲ್ಲಿ ಮುಟ್ಟಿ ನೋಡಿದಳು. ಅಳಲಿಲ್ಲ, ನನ್ನ ಹತ್ತಿರವೂ ಬರಲಿಲ್ಲ. ತನ್ನ ಕಾರ್ಡನ್ನು ಮಡಿಲಲ್ಲಿ ಇಟ್ಟುಕೊಂಡು ಕೊಕ್ಕೆಗಳ ಕೆಳಗೇ ಚಕ್ಕಳಮಕ್ಕಳ ಹಾಕಿ ಕೂತಳು. ಒಳಗಿದ್ದ ಹುಡುಗ ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಆಮೇಲೆ ತನ್ನ ಕಾರ್ಡ್ ತೆಗೆದು, ಅವಳ ಕೈಗೆ ಲೋಟ ಕೊಟ್ಟು ಹೊರಟ. ಅವತ್ತೇ ಸಂಜೆ ಅವಳು ಕೂತಿದ್ದ ಎತ್ತರಕ್ಕೆ ಐದನೇ ಕೊಕ್ಕೆ ಹೊಡೆಸಿದೆ. ಅದರ ಮೇಲೆ ಕೂತಿರುವ ಮಗುವಿನ ಚಿತ್ರ. ಅದು ಕಾಯುವವರ ಕೊಕ್ಕೆ. ನನಗೆ ಹೊಳೆಯದ್ದನ್ನು ಅವಳು ತೋರಿಸಿಕೊಟ್ಟಳು.

ಮುಚ್ಚಿದ ಮೂಲೆಗೂ ಗುರುತು ಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರವೇ ಟ್ಯಾಂಕರ್‌ಗೆ ಕಾಯುತ್ತಿತ್ತು. ನೀರಾಟದ ಟಬ್ ತುಂಬಿಸುವ ಮಾತೇ ಇರಲಿಲ್ಲ. ಟಬ್ ಮೇಲೆ ಬಟ್ಟೆ ಹೊದಿಸಿ, ಬೋರಲು ಹಾಕಿದ ಬಕೆಟ್‌ನ ಚಿತ್ರ ಇಟ್ಟೆವು. ಚಿತ್ರ ಬರೆದವರು ಮಕ್ಕಳೇ. ತಾವೇ ಬರೆದ ಗುರುತಿನ ಮಾತನ್ನು ಅವರು ಮೀರುವುದು ಕಡಿಮೆ.

ಗುರುತುಗಳನ್ನು ನಿಮ್ಮ ಸೊಂಟದ ಎತ್ತರಕ್ಕೆ ಹಾಕಿ, ಮಗುವಿನ ಕಣ್ಣು ಇರುವುದು ಅಲ್ಲೇ. ಗೋಡೆ ತುಂಬಾ ಅಂಟಿಸಬೇಡಿ. ಮುಖ್ಯವಾಗಿ, ಗುರುತಿನ ಹೆಸರಲ್ಲಿ ಆಟವನ್ನು ಬಿಗಿ ಮಾಡಬೇಡಿ. ಇಬ್ಬರು ಗೆಳತಿಯರು ಒಂದೇ ಕೊಕ್ಕೆಗೆ ಎರಡು ಕಾರ್ಡ್ ಸಿಕ್ಕಿಸಿದರೆ, ಮೊದಲು ಯಾಕೆ ಅಂತ ಕೇಳಿ.

ಈಗ ನೀವು ತಂದಿರುವ ಹಳೇ ಮದುವೆ ಕಾಗದಗಳನ್ನು ಹೊರಗೆ ತೆಗೆಯಿರಿ. ಕತ್ತರಿ, ದಾರ ಮುಂದಿನ ಸಾಲಿನಲ್ಲಿವೆ. ಮೊದಲ ಕಾರ್ಡನ್ನು ನಿಮ್ಮ ಕ್ಲಾಸಲ್ಲಿ ಮಾತು ಕಡಿಮೆ ಆಡುವ ಮಗುವಿಗೆ ಮಾಡಿ.