ಅಭಿಮಾನಿಗಳೇ ಮತ ಹಾಕುವ ಕಂಟ್ರಿ ಪ್ರಶಸ್ತಿಗಳು: ನ್ಯಾಶ್‌ವಿಲ್‌ನಲ್ಲಿ ಒಂದು ದಿನ

ಈಗ ನಿಮ್ಮೆದುರು ಕಾಣುತ್ತಿರುವ ಗುಮ್ಮಟದ ಕಟ್ಟಡವೇ ನ್ಯಾಶ್‌ವಿಲ್‌ನ ಮುನಿಸಿಪಲ್ ಆಡಿಟೋರಿಯಂ. ಹೊರಗಿನಿಂದ ನೋಡಿದರೆ ಇದರಲ್ಲಿ ವಿಶೇಷವೇನೂ ಇಲ್ಲವೆನ್ನಿಸುತ್ತದೆ. ಆದರೆ ಅಮೆರಿಕದ ಕಂಟ್ರಿ ಸಂಗೀತದ, ಅಂದರೆ ಅಲ್ಲಿನ ಹಳ್ಳಿಗಾಡಿನಲ್ಲಿ ಹುಟ್ಟಿದ ಜನಪ್ರಿಯ ಸಂಗೀತದ, ಪ್ರಶಸ್ತಿಗಳ ಬಗ್ಗೆ ಮಾತನಾಡುವವರು ಇಲ್ಲಿಂದಲೇ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. 1967ರ ಅಕ್ಟೋಬರ್‌ನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್, ಅಂದರೆ ಸಿಎಂಎ, ತನ್ನ ಮೊಟ್ಟಮೊದಲ ಪ್ರಶಸ್ತಿಗಳನ್ನು ಕೊಟ್ಟದ್ದು ಇದೇ ಸಭಾಂಗಣದಲ್ಲಿ, ಮತ್ತು ಅಲ್ಲಿ ಗೆದ್ದವರನ್ನು ಆರಿಸಿದವರು ಆ ಉದ್ಯಮದ ಒಳಗಿನವರು. 2022ರ ಏಪ್ರಿಲ್ 11ರಂದು ಇದೇ ಸಭಾಂಗಣದಿಂದ, ಸಿಎಂಟಿ ಎಂಬ ಕಂಟ್ರಿ ಸಂಗೀತದ ವಾಹಿನಿ ಕೊಡುವ ಸಿಎಂಟಿ ಮ್ಯೂಸಿಕ್ ಅವಾರ್ಡ್ಸ್ ಸಿಬಿಎಸ್ ವಾಹಿನಿಯಲ್ಲಿ ಮೊದಲ ಬಾರಿಗೆ ಪ್ರಸಾರವಾಯಿತು, ಮತ್ತು ಅಲ್ಲಿ ಗೆದ್ದವರನ್ನು ಆರಿಸಿದವರು ಮನೆಯಲ್ಲಿ ಕುಳಿತ ಅಭಿಮಾನಿಗಳು. ಒಂದೇ ಸೂರಿನ ಕೆಳಗೆ ಎರಡು ಬಗೆಯ ತೀರ್ಪುಗಳು ಹೊರಬಿದ್ದ ಜಾಗವಿದು ಎಂಬ ಕಾರಣಕ್ಕೇ ನಾನು ಇಲ್ಲಿಗೆ ಬರಲು ಹಟ ಹಿಡಿದಿದ್ದೆ.

ಆ 2022ರ ಕಾರ್ಯಕ್ರಮವನ್ನು ನೋಡಿದವರಿಗೆ ನೆನಪಿರಬಹುದು: ನಿರೂಪಕಿ ಕೆಲ್ಸಿ ಬ್ಯಾಲರಿನಿಗೆ ಕೋವಿಡ್ ಸೋಂಕು ತಗುಲಿದ್ದರಿಂದ ಅವರು ತಮ್ಮ ಮನೆಯಿಂದಲೇ ನಿರೂಪಣೆ ಮಾಡಿದರು, ಇಲ್ಲಿನ ವೇದಿಕೆಯನ್ನು ಆಂಥನಿ ಮ್ಯಾಕಿ ಮತ್ತು ಕೇನ್ ಬ್ರೌನ್ ನಿಭಾಯಿಸಿದರು. ಆ ರಾತ್ರಿಯ ಕೊನೆಯ ಪ್ರಶಸ್ತಿ ಜೇಸನ್ ಆಲ್ಡೀನ್ ಮತ್ತು ಕ್ಯಾರಿ ಅಂಡರ್‌ವುಡ್ ಇಬ್ಬರೂ ಸೇರಿ ಹಾಡಿದ ಗೀತೆಯ ವಿಡಿಯೊಗೆ ಹೋಯಿತು. ಸಿಎಂಟಿ ಕೊಡುವ ಪ್ರಶಸ್ತಿ ಫಲಕವೂ ಕೌಬಾಯ್ ಬೆಲ್ಟಿನ ದೊಡ್ಡ ಬಕಲ್‌ನ ಆಕಾರದಲ್ಲಿರುತ್ತದೆ. ಹೊಳೆಯುವ ಪ್ರತಿಮೆಗಳಿಗಿಂತ ಈ ಸಂಗೀತಕ್ಕೆ ಅದೇ ಹೆಚ್ಚು ಒಪ್ಪುತ್ತದೆ.

ಒಳಗಿನ ದೃಶ್ಯಗಳನ್ನು ನೀವೇ ನೋಡುತ್ತಿದ್ದೀರಿ, ಅದನ್ನು ವಿವರಿಸುವುದಿಲ್ಲ. ಅಷ್ಟರಲ್ಲಿ ಈ ಪ್ರಶಸ್ತಿಯ ಹುಟ್ಟಿನ ಕಥೆ ಹೇಳಿಬಿಡುತ್ತೇನೆ. ಗಾಯಕ ಫ್ಯಾರನ್ ಯಂಗ್ 1963ರಲ್ಲಿ ಈ ಊರಿನಲ್ಲಿ ಮ್ಯೂಸಿಕ್ ಸಿಟಿ ನ್ಯೂಸ್ ಎಂಬ ಪತ್ರಿಕೆಯನ್ನು ಆರಂಭಿಸಿದರು. ಆ ಪತ್ರಿಕೆ 1967ರಿಂದ ತನ್ನ ಓದುಗರ ಮತ ಪಡೆದು ಕಲಾವಿದರಿಗೆ ಪ್ರಶಸ್ತಿ ಕೊಡತೊಡಗಿತು. ಅಂದರೆ ಉದ್ಯಮದವರ ಪ್ರಶಸ್ತಿಯೂ ಅಭಿಮಾನಿಗಳ ಪ್ರಶಸ್ತಿಯೂ ಒಂದೇ ವರ್ಷದಲ್ಲಿ, ಒಂದೇ ಊರಿನಲ್ಲಿ ಹುಟ್ಟಿದವು. ಮುಂದೆ ಟಿಎನ್‌ಎನ್ ವಾಹಿನಿಯ ಮೂಲಕ ಓದುಗರ ಪ್ರಶಸ್ತಿಯು ದೂರದರ್ಶನ ವೀಕ್ಷಕರ ಪ್ರಶಸ್ತಿಯಾಯಿತು. 2002ರಲ್ಲಿ ಸಿಎಂಟಿ ಅದನ್ನು ಹಾಡಿನ ವಿಡಿಯೊಗಳ ಪ್ರಶಸ್ತಿಯಾಗಿ ಹೊಸದಾಗಿ ರೂಪಿಸಿತು. 2005ರಲ್ಲಿ ಈಗಿನ ಹೆಸರು ಬಂದಿತು. ಇಷ್ಟು ಉದ್ದದ ಪರಂಪರೆಯುಳ್ಳ ಕಾರ್ಯಕ್ರಮವನ್ನು 2025ರಲ್ಲಿ ನಡೆಸಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅದಕ್ಕೆ ಮುಂಚಿನ ಎರಡು ವರ್ಷ, 2023 ಮತ್ತು 2024ರಲ್ಲಿ, ಅದು ಟೆಕ್ಸಸ್‌ನ ಆಸ್ಟಿನ್‌ಗೆ ಹೋಗಿತ್ತು. ನ್ಯಾಶ್‌ವಿಲ್ ಬಿಟ್ಟು ಹೋದದ್ದು ಸರಿಯಲ್ಲವೆಂದು ಆಗ ನಾನು ವಾದಿಸುತ್ತಿದ್ದೆ; ಈಗ, ಎಲ್ಲಾದರೂ ನಡೆಯಲಿ, ನಡೆದರೆ ಸಾಕು ಎನ್ನುತ್ತೇನೆ.

ಇದು ಬ್ರಾಡ್‌ವೇ. ಎರಡೂ ಬದಿಯಲ್ಲಿ ಹಾಂಕಿಟಾಂಕ್‌ಗಳು, ಅಂದರೆ ಬೆಳಗಿನಿಂದಲೇ ವಾದ್ಯತಂಡಗಳು ನುಡಿಸುತ್ತಿರುವ ಬಾರುಗಳು. ಕೊನೆಯಲ್ಲಿ ಕಾಣುತ್ತಿರುವುದು ಬ್ರಿಡ್ಜ್‌ಸ್ಟೋನ್ ಅರೀನಾ. ಸಿಎಂಟಿ ಪ್ರಶಸ್ತಿಗಳು ಹಲವು ವರ್ಷ ಅಲ್ಲಿಯೇ ನಡೆದಿವೆ, ಸಿಎಂಎ ಪ್ರಶಸ್ತಿಗಳು ಈಗಲೂ ಅಲ್ಲಿಯೇ ನಡೆಯುತ್ತವೆ.

ಕ್ಯಾಮೆರಾ ಈಗ ಒಂದು ಫಲಕದ ಮೇಲೆ ನಿಂತಿದೆ. ಅದನ್ನು ಸ್ವಲ್ಪ ಹೊತ್ತು ಹಾಗೆಯೇ ತೋರಿಸುತ್ತೇನೆ. ಇದು ಖಾಸಗಿಯವರ ಪಾರ್ಕಿಂಗ್ ಜಾಗ, ಯಾರದೆಂದು ಹೇಳುವುದಿಲ್ಲ. ಭಾವ ಕಾರು ನಿಲ್ಲಿಸುವಾಗ ದೊಡ್ಡ ಅಕ್ಷರಗಳಲ್ಲಿ ಕಂಡದ್ದು ಹದಿನೈದು ಡಾಲರ್. ಕೆಳಗೆ, ಮೊಣಕಾಲಿನ ಎತ್ತರದಲ್ಲಿ, ಕಾರ್ಯಕ್ರಮಗಳಿರುವ ಸಂಜೆ ದರ ಬದಲಾಗುತ್ತದೆ ಎಂಬ ಸಾಲು. ಅಲ್ಲಿ ಹಣ ತೆಗೆದುಕೊಳ್ಳುವ ಮನುಷ್ಯರಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು, ಕಾರಿನ ನಂಬರ್ ತುಂಬಬೇಕು, ಕಾರ್ಡಿನ ವಿವರ ಕೊಡಬೇಕು, ಎಲ್ಲ ಮುಗಿದ ಮೇಲೆ ಪರದೆಯಲ್ಲಿ ನಲವತ್ತು ಡಾಲರ್, ಅದರ ಮೇಲೆ ಸೇವಾ ಶುಲ್ಕ, ಅದರ ಮೇಲೆ ತೆರಿಗೆ. ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕು ಸಾವಿರ ರೂಪಾಯಿ, ಕಾರು ಸುಮ್ಮನೆ ನಿಂತಿರುವುದಕ್ಕೆ. ಭಾವ ಏನೂ ಮಾತನಾಡದೆ ಕಟ್ಟಿಬಿಟ್ಟರು. ಅಕ್ಕ ಮಾತ್ರ, "ರೀ, ಇಷ್ಟು ದುಡ್ಡಿಗೆ ಎರಡು ವಾರದ ತರಕಾರಿ ಬರ್ತಿತ್ತು" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು, ಮತ್ತು ಅವಳು ಹೇಳಿದ್ದು ಸರಿಯಾಗಿಯೇ ಇದೆ. ನನಗೆ ಕೋಪ ಬಂದದ್ದು ಮೊತ್ತಕ್ಕಿಂತ ಹೆಚ್ಚಾಗಿ ಅದನ್ನು ಅಡಗಿಸಿದ ರೀತಿಗೆ. ನಲವತ್ತು ಎಂದು ಮೊದಲೇ ಬರೆದಿದ್ದರೆ ನಾವು ದೂರದಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದೆವು. ಈ ಸಂಗೀತದ ಅಭಿಮಾನಿ ಒಂದು ಸಂಜೆಗೆ ಈ ಊರಿಗೆ ಬಂದರೆ ಪಾರ್ಕಿಂಗ್‌ಗೆ ಕೊಡಬೇಕು, ಟಿಕೆಟ್‌ಗೆ ಕೊಡಬೇಕು, ಟಿಕೆಟ್‌ನ ಮೇಲಿನ ಶುಲ್ಕಕ್ಕೆ ಕೊಡಬೇಕು, ನೀರಿನ ಬಾಟಲಿಗೆ ಕೊಡಬೇಕು. ಇವೆಲ್ಲವುಗಳ ನಡುವೆ ಹಣ ಕೊಡದೆ ಅವನಿಗೆ ಸಿಗುವ ಅಧಿಕಾರ ಒಂದೇ ಒಂದು, ಅದು ಮತ. ಅದನ್ನೂ ಕಳೆದುಕೊಂಡರೆ ಅವನು ಬರೀ ಗಿರಾಕಿಯಾಗಿ ಉಳಿಯುತ್ತಾನೆ. ದೃಶ್ಯ ಮುಗಿಯಿತು, ಮುಂದೆ ಹೋಗೋಣ.

ಇದು ರೈಮನ್ ಆಡಿಟೋರಿಯಂ, 1892ರ ಕಟ್ಟಡ, ಮೂಲತಃ ಪ್ರಾರ್ಥನಾ ಮಂದಿರ. ಮರದ ಉದ್ದನೆಯ ಬೆಂಚುಗಳನ್ನು ನೋಡಿ. ಸಿಎಂಎ ಪ್ರಶಸ್ತಿಗಳು 1968ರಲ್ಲಿ ಮೊದಲ ಬಾರಿಗೆ ದೂರದರ್ಶನಕ್ಕೆ ಬಂದದ್ದು ಇಲ್ಲಿಂದ.

ಉದ್ಯಮದವರ ಮತವೇ ಹೆಚ್ಚು ತೂಕದ್ದು ಎಂದು ಹೇಳುವವರಿದ್ದಾರೆ, ಮತ್ತು ಅವರ ವಾದದಲ್ಲಿ ಹುರುಳಿದೆ. ಸಿಎಂಎ ಸದಸ್ಯರು ಮೂರು ಸುತ್ತುಗಳಲ್ಲಿ ಮತ ಹಾಕುತ್ತಾರೆ. ಅವರು ಗೀತರಚನಕಾರರು, ವಾದ್ಯಗಾರರು, ನಿರ್ಮಾಪಕರು, ಕೆಲಸ ಬಲ್ಲವರು. ಅಭಿಮಾನಿಗಳ ಮತಕ್ಕಾದರೋ ನಿಷ್ಠೆಯೇ ಮುಖ್ಯ. ಮ್ಯೂಸಿಕ್ ಸಿಟಿ ನ್ಯೂಸ್ ಓದುಗರು ಸ್ಟ್ಯಾಟ್ಲರ್ ಬ್ರದರ್ಸ್ ತಂಡವನ್ನು ವರ್ಷಗಟ್ಟಲೆ ಗೆಲ್ಲಿಸುತ್ತಲೇ ಹೋದರು. ಹೊಸಬರು ಬಾಗಿಲಲ್ಲೇ ಕಾಯಬೇಕಾಯಿತು. ಅಕಾಡೆಮಿ ಆಫ್ ಕಂಟ್ರಿ ಮ್ಯೂಸಿಕ್ ಎಂಬ ಉದ್ಯಮದ ಇನ್ನೊಂದು ಸಂಸ್ಥೆ 2008ರಲ್ಲಿ ತನ್ನ ಅತ್ಯುನ್ನತ ಪ್ರಶಸ್ತಿಯಾದ ಎಂಟರ್‌ಟೇನರ್ ಆಫ್ ದಿ ಇಯರ್‌ಗೆ ವೀಕ್ಷಕರ ಮತವನ್ನು ತಂದಾಗ, ಅದನ್ನು ಗೆದ್ದ ಕೆನ್ನಿ ಚೆಸ್ನಿಯೇ ಆ ಪದ್ಧತಿಯನ್ನು ಬಹಿರಂಗವಾಗಿ ಟೀಕಿಸಿದರು. ಗೆದ್ದವರೇ ಟೀಕಿಸಿದ್ದರಿಂದ ಆ ಮಾತನ್ನು ತಳ್ಳಿಹಾಕಲು ನನಗೆ ಸಾಧ್ಯವಾಗಲಿಲ್ಲ.

ಆದರೆ ಮುಂದೇನಾಯಿತು ನೋಡಿ. ವೀಕ್ಷಕರ ಮತಕ್ಕೆ ಸ್ಥಾನವಿದ್ದ ಆ ಅವಧಿಯಲ್ಲಿ 2009 ಮತ್ತು 2010ರಲ್ಲಿ ಕ್ಯಾರಿ ಅಂಡರ್‌ವುಡ್, 2011 ಮತ್ತು 2012ರಲ್ಲಿ ಟೇಲರ್ ಸ್ವಿಫ್ಟ್ ಅದೇ ಪ್ರಶಸ್ತಿಯನ್ನು ಗೆದ್ದರು. ನಾಲ್ಕು ವರ್ಷ ಸತತವಾಗಿ ಮಹಿಳೆಯರು. ಸಿಎಂಟಿ ಪ್ರಶಸ್ತಿಗಳನ್ನು ಎಲ್ಲರಿಗಿಂತ ಹೆಚ್ಚು ಬಾರಿ ಗೆದ್ದಿರುವ ಈ ಕ್ಯಾರಿ ಅಂಡರ್‌ವುಡ್‌ಗೆ ಅದೇ ಹೆಸರಿನ ಸಿಎಂಎ ಪ್ರಶಸ್ತಿಯನ್ನು ಉದ್ಯಮದವರು ಒಮ್ಮೆಯೂ ಕೊಟ್ಟಿಲ್ಲ. ಅಲ್ಲಿ 2011ರಲ್ಲಿ ಟೇಲರ್ ಸ್ವಿಫ್ಟ್ ಗೆದ್ದ ಮೇಲೆ ಮತ್ತೊಬ್ಬ ಮಹಿಳೆ ಗೆಲ್ಲಲು 2023ರಲ್ಲಿ ಲೇನಿ ವಿಲ್ಸನ್ ಬರಬೇಕಾಯಿತು. ಕಂಟ್ರಿ ರೇಡಿಯೊ ಕೇಂದ್ರಗಳು ಗಾಯಕಿಯರ ಹಾಡುಗಳನ್ನು ಎಷ್ಟು ಕಡಿಮೆ ಹಾಕುತ್ತವೆಂಬುದು ಇಲ್ಲಿನ ಹಳೆಯ ಜಗಳ. 2015ರಲ್ಲಿ ಒಬ್ಬ ರೇಡಿಯೊ ಸಲಹೆಗಾರರು, ಕಂಟ್ರಿ ರೇಡಿಯೊ ಎಂಬ ಸಲಾಡ್‌ನಲ್ಲಿ ಗಾಯಕಿಯರು ಟೊಮೆಟೊ ಹೋಳುಗಳಿದ್ದಂತೆ ಎಂಬರ್ಥದ ಮಾತಾಡಿದ್ದು ದೊಡ್ಡ ಗಲಾಟೆಗೆ ಕಾರಣವಾಗಿತ್ತು. ಅಂಥ ವಾತಾವರಣದಲ್ಲಿ ಕೇಳುಗರು ತಮಗೆ ಯಾರು ಬೇಕೆಂದು ನೇರವಾಗಿ ಹೇಳಲು ಇದ್ದ ದಾರಿಗಳು ಕೆಲವೇ, ಅವುಗಳಲ್ಲಿ ಈ ಮತವೂ ಒಂದು. ಸಿಎಂಟಿ ವಾಹಿನಿ 2020ರ ಜನವರಿಯಲ್ಲಿ ತನ್ನ ಹಾಡುಗಳ ಸಮಯದಲ್ಲಿ ಅರ್ಧದಷ್ಟನ್ನು ಮಹಿಳೆಯರಿಗೆ ಕೊಡುವುದಾಗಿ ಘೋಷಿಸಿದ್ದೂ ನನಗೆ ಮೆಚ್ಚುಗೆಯಾದ ಸಂಗತಿ.

ಈಗ ಕಾರಿನಲ್ಲಿದ್ದೇವೆ, ಪೇಟೆಯಿಂದ ಆಪ್ರಿ ಹೌಸ್‌ಗೆ, ಅಂದರೆ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಹಳೆಯ ಕಂಟ್ರಿ ಸಂಗೀತ ಕಾರ್ಯಕ್ರಮ ನಡೆಯುವ ಸಭಾಂಗಣಕ್ಕೆ, ಹೊರಟಿದ್ದೇವೆ. ಕಿಟಕಿಯಾಚೆ ಕಾಣುತ್ತಿರುವುದು ಕಂಬರ್‌ಲ್ಯಾಂಡ್ ನದಿ. ಗಾಯಕ ಜೆಲ್ಲಿ ರೋಲ್ ಹುಟ್ಟಿ ಬೆಳೆದ ಆ್ಯಂಟಿಯಾಕ್ ಈ ನಗರದ್ದೇ ಭಾಗ, ಆದರೆ ನಮ್ಮ ದಾರಿಯಲ್ಲಿ ಬರುವುದಿಲ್ಲ. ಹದಿಹರೆಯದಿಂದಲೇ ಸೆರೆಮನೆಗೆ ಹೋಗಿ ಬಂದ, ಮುಖದ ಮೇಲೆ ಹಚ್ಚೆಗಳಿರುವ, ವರ್ಷಗಟ್ಟಲೆ ರ‍್ಯಾಪ್ ಹಾಡಿಕೊಂಡಿದ್ದ ಈ ಮನುಷ್ಯನಿಗೆ 2023ರ ಏಪ್ರಿಲ್‌ನಲ್ಲಿ ಆಸ್ಟಿನ್‌ನಲ್ಲಿ ಅಭಿಮಾನಿಗಳು ಮೂರು ಸಿಎಂಟಿ ಪ್ರಶಸ್ತಿಗಳನ್ನು ಕೊಟ್ಟರು. ಆ ರಾತ್ರಿ ಅವರಿಗಿಂತ ಹೆಚ್ಚು ಗೆದ್ದವರಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಸಿಎಂಎ ಅವರನ್ನು ವರ್ಷದ ಹೊಸ ಕಲಾವಿದನೆಂದು ಗುರುತಿಸಿತು. ಜನರು ಏಪ್ರಿಲ್‌ನಲ್ಲಿ ಹೇಳಿದ್ದನ್ನು ಉದ್ಯಮವು ನವೆಂಬರ್‌ನಲ್ಲಿ ಹೇಳಿತು. 2024ರ ಜನವರಿಯಲ್ಲಿ ಅವರು ಅಮೆರಿಕದ ಸೆನೆಟ್ ಸಮಿತಿಯೆದುರು ಕುಳಿತು ಫೆಂಟನಿಲ್ ಎಂಬ ಮಾದಕ ವಸ್ತುವಿನಿಂದಾಗುತ್ತಿರುವ ಸಾವುಗಳ ಬಗ್ಗೆ ಮಾತನಾಡಿದ್ದನ್ನು ನಾನು ಪೂರ್ತಿ ನೋಡಿದ್ದೇನೆ. ಜನರು ಇಂಥವರನ್ನು ಮೊದಲೇ ಗುರುತಿಸಿದ್ದರಲ್ಲ ಎಂದು ಅನ್ನಿಸಿತು.

ಅಭಿಮಾನಿಗಳ ಮತ ಯಾವಾಗಲೂ ಬಾಗಿಲು ತೆರೆಯುತ್ತದೆಂದೂ ಹೇಳಲಾರೆ. 2024ರಲ್ಲಿ ಬಿಯಾನ್ಸೆ ಕಂಟ್ರಿ ಆಲ್ಬಂ ತಂದರು. ಸಿಎಂಎ ಅವರಿಗೆ ಒಂದೂ ನಾಮನಿರ್ದೇಶನ ಕೊಡಲಿಲ್ಲ. ಎನ್‌ಬಿಸಿ ವಾಹಿನಿಯ ಪೀಪಲ್ಸ್ ಚಾಯ್ಸ್ ಕಂಟ್ರಿ ಅವಾರ್ಡ್ಸ್‌ನಲ್ಲಿ, ಅದೂ ಅಭಿಮಾನಿಗಳ ಮತದ್ದೇ, ಅವರಿಗೆ 17 ನಾಮನಿರ್ದೇಶನಗಳಿದ್ದವು, ಎಲ್ಲರಿಗಿಂತ ಹೆಚ್ಚು. ಮತ ಎಣಿಸಿದಾಗ ಒಂದೂ ಗೆಲುವಿಲ್ಲ. 2025ರ ಫೆಬ್ರವರಿಯಲ್ಲಿ ಗ್ರ್ಯಾಮಿಯವರು ಅದೇ ಆಲ್ಬಂಗೆ ಅತ್ಯುತ್ತಮ ಕಂಟ್ರಿ ಆಲ್ಬಂ ಪ್ರಶಸ್ತಿಯನ್ನೂ ವರ್ಷದ ಆಲ್ಬಂ ಪ್ರಶಸ್ತಿಯನ್ನೂ ಕೊಟ್ಟರು. ಜಗತ್ತಿನಾದ್ಯಂತ ಕೋಟ್ಯಂತರ ಅಭಿಮಾನಿಗಳಿರುವ ಕಲಾವಿದೆ ಅಭಿಮಾನಿಗಳ ಮತದಲ್ಲೇ ಸೋತರೆಂದರೆ, ಈ ಮತ ಅಳೆಯುವುದು ಅಭಿಮಾನಿಗಳ ಸಂಖ್ಯೆಯನ್ನಲ್ಲ ಎಂದಾಯಿತು. ಈ ಕಾರ್ಯಕ್ರಮವನ್ನು ತಮ್ಮದೆಂದು ತಿಳಿದು, ಪ್ರತಿದಿನ ಮರೆಯದೆ ಪುಟ ತೆರೆದು ಒತ್ತುವವರು ಎಷ್ಟು ಮಂದಿ ಎಂಬುದನ್ನು ಅದು ಅಳೆಯುತ್ತದೆ. ಬಿಗ್ ಬಾಸ್ ಕನ್ನಡಕ್ಕೆ ಮತ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಅಕ್ಕ ಅಂಥವಳೇ. ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿರುವಾಗಲೂ ಲೇನಿ ವಿಲ್ಸನ್‌ಗೆ ಮತ ಒತ್ತಿ ಬರುತ್ತಾಳೆ.

ಬಂದೆವು. ಇದು ಗ್ರ್ಯಾಂಡ್ ಓಲ್ ಆಪ್ರಿ ಹೌಸ್, 1974ರಿಂದ ಆಪ್ರಿಯ ಮನೆ. ವೇದಿಕೆಯ ನಡುವೆ ಬೇರೆ ಬಣ್ಣದ ಮರದ ವೃತ್ತ ಕಾಣುತ್ತಿದೆಯಲ್ಲ, ಅದನ್ನು ಆಗಲೇ ತೋರಿಸಿದ ರೈಮನ್‌ನ ವೇದಿಕೆಯಿಂದ ಕತ್ತರಿಸಿ ತಂದು ಇಲ್ಲಿ ಕೂರಿಸಿದ್ದಾರೆ. 2010ರ ಪ್ರವಾಹದಲ್ಲಿ ಈ ವೇದಿಕೆಯೇ ಮುಳುಗಿದರೂ ಆ ಹಲಗೆಗಳು ಉಳಿದವು. ಪೀಪಲ್ಸ್ ಚಾಯ್ಸ್ ಕಂಟ್ರಿ ಅವಾರ್ಡ್ಸ್ 2023ರ ಸೆಪ್ಟೆಂಬರ್ 28ರಂದು ಆರಂಭವಾದದ್ದು ಇಲ್ಲಿ. ಆ ರಾತ್ರಿ ಹೊಟ್ಟೆಯ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಗಾಯಕ ಟೋಬಿ ಕೀತ್‌ಗೆ ಇನ್ನೊಬ್ಬ ಗಾಯಕ ಬ್ಲೇಕ್ ಶೆಲ್ಟನ್ ಗೌರವ ಪ್ರಶಸ್ತಿ ನೀಡಿದರು. ಕೃಶವಾಗಿದ್ದ ಟೋಬಿ ಕೀತ್ ಈ ವೇದಿಕೆಯ ಮೇಲೆ ವಯಸ್ಸನ್ನು ಒಳಗೆ ಬಿಟ್ಟುಕೊಳ್ಳಬಾರದು ಎಂಬ ಭಾವದ ಹಾಡನ್ನು ಹಾಡಿದಾಗ ಸಭಿಕರಲ್ಲಿ ಬಹಳ ಮಂದಿ ಕಣ್ಣೊರೆಸಿಕೊಂಡರು. 2024ರ ಫೆಬ್ರವರಿ 5ರಂದು ಅವರು ತೀರಿಕೊಂಡರು. ಆ ಪ್ರಶಸ್ತಿ ಮತದಿಂದ ಬಂದದ್ದಲ್ಲ, ನಿಜ. ಆದರೂ ಅಭಿಮಾನಿಗಳ ಹೆಸರಿನ ಕಾರ್ಯಕ್ರಮದಲ್ಲಿ ಅವರಿಗೆ ಆ ಸಂಜೆ ಸಿಕ್ಕಿತೆಂಬುದು ನನಗೆ ಸಮಾಧಾನ.

ಕಲಾವಿದರು ಒಳಬರುವ ಬಾಗಿಲಿನ ಬಳಿ ಈ ಪುಟ್ಟ ಪೆಟ್ಟಿಗೆಗಳ ಸಾಲು ನೋಡಿ. ಆಪ್ರಿ ಸದಸ್ಯರಿಗೆ ಇಲ್ಲಿ ತಮ್ಮ ತಮ್ಮ ಅಂಚೆಪೆಟ್ಟಿಗೆಗಳಿವೆ, ಅಭಿಮಾನಿಗಳು ಬರೆದ ಕಾಗದಗಳು ಇವುಗಳಿಗೇ ಬಂದು ಬೀಳುತ್ತವೆ. ಒಂದು ಕಾಗದ ಬರೆಯುವುದಕ್ಕೆ ಕುಳಿತು ಯೋಚಿಸಬೇಕು. ದಿನಕ್ಕೆ ಹಲವು ಬಾರಿ ಗುಂಡಿ ಒತ್ತುವುದಕ್ಕೆ ಅದು ಬೇಕಾಗಿಲ್ಲ, ಮತ್ತು ಈಗಿನ ಮತದಾನದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಇದೊಂದೇ. ಬಿಡುವಿದ್ದವರ ಮಾತು ಹತ್ತು ಪಟ್ಟು ಕೇಳಿಸುತ್ತದೆ, ಎರಡು ಪಾಳಿಯಲ್ಲಿ ದುಡಿದು ಮನೆಗೆ ಬಂದವರ ಮಾತು ಒಮ್ಮೆ ಕೇಳಿಸುತ್ತದೆ. ಈ ಸಂಗೀತ ಹಾಡುವುದಾದರೋ ಆ ಎರಡನೆಯವರ ಬದುಕನ್ನು. ಆದ್ದರಿಂದ ಸಿಎಂಟಿ ಪ್ರಶಸ್ತಿ ಮರಳಿ ಬರಲಿ, ದೂರದರ್ಶನದಲ್ಲೇ ಬರಲಿ, ಒಬ್ಬರಿಗೆ ಒಂದು ವಿಭಾಗದಲ್ಲಿ ಒಂದೇ ಮತವೆಂಬ ನಿಯಮದೊಂದಿಗೆ ಬರಲಿ.

ಅಕ್ಕ ಇದನ್ನು ಖಂಡಿತ ಒಪ್ಪುವುದಿಲ್ಲ. "ದಿನಾ ಹಾಕೋಕೆ ಬಿಡ್ಲಿಲ್ಲ ಅಂದ್ರೆ ಪ್ರೀತಿ ತೋರಿಸೋದು ಹೇಗೆ ಕಣೇ?" ಎಂದು ಕೇಳುತ್ತಿದ್ದಾಳೆ. ಆಲ್ಬಂ ಕೊಂಡು ತೋರಿಸು ಎಂದೆ, ಕೊಂಡಿದ್ದೇನೆ ಎಂದಳು. ವೇದಿಕೆಯ ಹಿಂಭಾಗ ತೋರಿಸುವ ಮಾರ್ಗದರ್ಶಿ ನಮ್ಮ ಗುಂಪನ್ನು ಕರೆಯುತ್ತಿದ್ದಾರೆ, ಕಲಾವಿದರು ಸಿದ್ಧರಾಗುವ ಕೋಣೆಗಳು ಮುಂದಿನ ಭಾಗದಲ್ಲಿ.