ಮಲಗಿದ ಹರಳುಗಳು, ಬಿರಿಯುವ ತಗಡು

ಕೇಳುಗರಿಗೆ ನಮಸ್ಕಾರ.

ಒಂದು ಘನ ಸೆಂಟಿಮೀಟರ್ ಮೆಗ್ನೀಸಿಯಂ ತೂಗುವುದು 1.74 ಗ್ರಾಂ. ಅಷ್ಟೇ ಗಾತ್ರದ ಅಲ್ಯೂಮಿನಿಯಂ 2.7 ಗ್ರಾಂ, ಉಕ್ಕು 7.8 ಗ್ರಾಂನ ಆಸುಪಾಸು. ಕಾರಿನ ಬಾಗಿಲಿಗೆ ಇದಕ್ಕಿಂತ ಹಗುರವಾದ ಲೋಹ ಬೇಕೆ? ಆದರೂ ಮೆಗ್ನೀಸಿಯಂ ತಗಡನ್ನು ಬಿಸಿ ಮಾಡದೆ ಅಚ್ಚಿಗೆ ಒತ್ತಿದರೆ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಪೆಡಸು ಲೋಹವೆಂದು ಅದನ್ನು ದೂರ ಇಡುವುದು ಅನ್ಯಾಯ ಎಂದು ನನಗೆ ಅನ್ನಿಸುತ್ತದೆ. ಲೋಹವೆಂದರೆ ಅಸಂಖ್ಯ ಪುಟ್ಟ ಹರಳುಗಳ ಒಟ್ಟಿಲು; ತಗಡಿನೊಳಗೆ ಅವು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನು ಮೊದಲು ನೋಡಬೇಕು.

ಮೆಗ್ನೀಸಿಯಂನ ಹರಳು ಆರುಮೂಲೆಯ ಪಟ್ಟಕದ ರೂಪದ್ದು. ಅದರ ತಳಕ್ಕೆ ಸಮಾಂತರವಾದ ಪರಮಾಣು ಪದರಗಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ಬೇರೆ ದಿಕ್ಕಿನಲ್ಲಿ ಜಾರಿಸಲು ಹತ್ತಾರು ಪಟ್ಟು ಹೆಚ್ಚು ಬಲ ಬೇಕು. ಸುಮಾರು ಶೇ. 3 ಅಲ್ಯೂಮಿನಿಯಂ, ಶೇ. 1 ಸತು ಬೆರೆತ ಎಝಡ್31 ಮಿಶ್ರಲೋಹವನ್ನು ಉರುಳೆಗಳ ನಡುವೆ ಹಾಯಿಸಿ ತಗಡು ಮಾಡುವಾಗ ಬಹುಪಾಲು ಹರಳುಗಳ ತಳ ತಗಡಿನ ಮೇಲ್ಮೈಗೆ ಸಮಾಂತರವಾಗಿ ಮಲಗಿಬಿಡುತ್ತದೆ. ಹೀಗೆ ಹರಳುಗಳು ಒಂದೇ ದಿಕ್ಕಿಗೆ ಮುಖ ಮಾಡುವುದಕ್ಕೆ ಟೆಕ್ಸ್ಚರ್ ಎನ್ನುತ್ತಾರೆ.

ತಗಡನ್ನು ಹಿಗ್ಗಿಸಿದರೆ ಅದು ತೆಳುವಾಗಲೇಬೇಕು. ವೀಳ್ಯದೆಲೆಯ ಕಟ್ಟನ್ನು ಪಕ್ಕಕ್ಕೆ ತಳ್ಳಿದರೆ ಎಲೆಗಳು ಜಾರುತ್ತವೆ. ಮೇಲಿನಿಂದ ಅದುಮಿದರೆ ಜಾರುವುದಿಲ್ಲ. ತಗಡು ತೆಳುವಾಗುವಾಗ ಮಲಗಿದ ಹರಳುಗಳ ಪಾಡೂ ಮೇಲಿನಿಂದ ಅದುಮಿದ ಆ ಕಟ್ಟಿನದೇ. ಮೆಗ್ನೀಸಿಯಂಗೆ ಇನ್ನೊಂದು ಉಪಾಯವುಂಟು: ಹರಳಿನ ಒಂದು ಭಾಗ ಸುಮಾರು 86 ಡಿಗ್ರಿ ಹೊರಳಿ ಅವಳಿ ಹರಳಾಗುವುದು. ಪಟ್ಟಕ ತನ್ನ ಎತ್ತರದ ದಿಕ್ಕಿನಲ್ಲಿ ಹಿಗ್ಗುವಾಗ ಇದು ಸುಲಭ. ತಗಡು ತೆಳುವಾಗಲು ಬೇಕಾದದ್ದಾದರೋ ಆ ದಿಕ್ಕಿನಲ್ಲಿ ಕುಗ್ಗುವಿಕೆ. ಹಾಗಾಗಿ ಆ ಬಾಗಿಲೂ ಮುಚ್ಚುತ್ತದೆ.

ತಗಡನ್ನು ಬಿಗಿಹಿಡಿದು, 20 ಮಿಲಿಮೀಟರ್ ವ್ಯಾಸದ ದುಂಡುಮೂತಿಯ ಪಂಚ್‌ನಿಂದ ಒತ್ತಿ, ಬಿರುಕು ಮೂಡುವಾಗ ಗುಳಿ ಎಷ್ಟು ಆಳವಾಯಿತೆಂದು ಅಳೆಯುವುದು ಎರಿಕ್ಸನ್ ಪರೀಕ್ಷೆ. ಮಾಮೂಲಿ ಎಝಡ್31 ತಗಡು ಇದರಲ್ಲಿ 3ರಿಂದ 4 ಮಿಲಿಮೀಟರ್‌ಗೇ ಸೋಲುತ್ತದೆ. 200ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಉಳಿದ ದಿಕ್ಕುಗಳಲ್ಲೂ ಪದರಗಳು ಜಾರತೊಡಗುತ್ತವೆ, ನಿಜ. ಆದರೆ ಪ್ರತಿ ಬಿಡಿಭಾಗಕ್ಕೂ ಅಚ್ಚು ಕಾಯಿಸುತ್ತ ಕೂತರೆ ಖರ್ಚು ಏರುತ್ತದೆ, ಕೆಲಸ ನಿಧಾನವಾಗುತ್ತದೆ.

ಹರಳುಗಳನ್ನೇ ಓರೆಯಾಗಿಸುವುದು ಇದಕ್ಕಿಂತ ಜಾಣತನದ ದಾರಿ. ಸತುವಿನ ಜೊತೆ ಚೂರು ಸೀರಿಯಂ, ಗ್ಯಾಡೊಲಿನಿಯಂ ಅಥವಾ ಕ್ಯಾಲ್ಸಿಯಂ ಬೆರೆಸಿ, ಉರುಳೆಗೆ ಹಾಯಿಸಿದ ಮೇಲೆ ಹದವಾಗಿ ಕಾಯಿಸಿದರೆ, ಹೊಸದಾಗಿ ಹುಟ್ಟುವ ಹರಳುಗಳು ತಗಡಿನ ಅಗಲದತ್ತ ವಾಲಿ ಚದುರಿಕೊಳ್ಳುತ್ತವೆ. ಇಂಥ ತಗಡುಗಳಲ್ಲಿ ಗುಳಿಯ ಆಳ 8 ಮಿಲಿಮೀಟರ್ ದಾಟಿದ್ದುಂಟು; ಅದು ಕಾರಿಗೆ ಬಳಸುವ ಅಲ್ಯೂಮಿನಿಯಂ ತಗಡಿಗೆ ಸರಿಸಾಟಿ. ನನ್ನ ಒಲವು ಕ್ಯಾಲ್ಸಿಯಂ ಕಡೆಗೆ. ಅದು ಅಗ್ಗ, ಸೀರಿಯಂ, ಗ್ಯಾಡೊಲಿನಿಯಂನಂಥ ವಿರಳ ಲೋಹಗಳಂತೆ ಕೆಲವೇ ದೇಶಗಳ ಕೈಯಲ್ಲಿಲ್ಲ.

ಪದರಗಳು ಸುಲಭವಾಗಿ ಜಾರುವ ತಗಡು ಸುಲಭವಾಗಿ ಮಣಿಯುತ್ತದೆ ಕೂಡ. ಬಾಗಿಲಿಗೆ ಗಟ್ಟಿತನವೂ ಬೇಕಲ್ಲ. ಇದಕ್ಕೆ ಜಪಾನಿನ ತ್ಸುಕುಬಾದ ಸಂಶೋಧಕರು ಕಂಡುಕೊಂಡ ಪರಿಹಾರ ನನಗೆ ಬಹಳ ಹಿಡಿಸಿದೆ. ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಮ್ಯಾಂಗನೀಸ್, ಸತು ಅಲ್ಪಸ್ವಲ್ಪ ಸೇರಿದ ಅವರ ತಗಡು ಒತ್ತುವಾಗ ಮೆದು. ಆಮೇಲೆ, ಕಾರಿನ ಬಣ್ಣ ಗಟ್ಟಿಯಾಗಲೆಂದು ಹೇಗೂ ಕೊಡುವ 170 ಡಿಗ್ರಿಯ ಶಾಖದಲ್ಲಿ 20 ನಿಮಿಷ ಇದ್ದರೆ, ಬಣ್ಣದ ಜೊತೆಗೆ ತಗಡೂ ಗಟ್ಟಿಯಾಗುತ್ತದೆ.

ನಮಸ್ಕಾರ.