ಬಡಗಿ ಬರೋ ಮುಂಚೆ: ಪುಸ್ತಕದ ಕಪಾಟಿಗೆ ಮೂರು ಸ್ಕೆಚ್

[ದೃಶ್ಯ: ಕಂಬಕ್ಕೂ ಗೋಡೆಗೂ ನಡುವಿನ ಸಂದು. ಅದರ ಮುಂದೆ ಒಳಗೆ ಹೋಗದೆ ನಿಂತ ಕಪಾಟು]

ಸಂದು 905 ಮಿಲಿಮೀಟರ್. ಕಪಾಟು ತಯಾರಾಗಿ ಬಂದಿದ್ದು 940. ಹೇಳಿದ್ದು 900 ಅಂತಾನೇ, ಬಡಗಿ ಮಾಡಿದ್ದೂ 900 ಅಂತಾನೇ. ಹೇಳಿದವರ ಲೆಕ್ಕ ಹೊರಗಿನ ಅಳತೆ, ಮಾಡಿದವರ ಲೆಕ್ಕ ಒಳಗಿನ ಅಳತೆ. ಬಾಯಿಮಾತಲ್ಲಿ ಈ ವ್ಯತ್ಯಾಸ ಕಾಣಲ್ಲ. ಕಾಗದದ ಮೇಲೆ ಎರಡು ಗೆರೆ ಎಳೆದಿದ್ರೆ ಅಲ್ಲೇ ಕಾಣ್ತಿತ್ತು.

[ದೃಶ್ಯ: ಎ4 ಹಾಳೆ ಮಡಚುವ ಕೈ]

ಮೊದಲ ಸ್ಕೆಚ್‌ಗೆ ಸ್ಕೇಲ್ ಬೇಡ. ಎ4 ಹಾಳೆನ ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿ, 8 ಮನೆ ಸಿಗುತ್ತೆ. ದಪ್ಪ ಮಾರ್ಕರ್ ಹಿಡಿದು ಒಂದೊಂದು ಮನೆಗೂ ಒಂದೊಂದು ನಿಮಿಷ, ಬೇರೆ ಬೇರೆ ಕಪಾಟು ಗೀಚಿ. ಚೂಪು ಪೆನ್ಸಿಲ್ ಇದ್ರೆ ಹಿಡಿಕೆ, ಮೂಲೆ ಅಂತ ತಿದ್ದೋಕೆ ಕೂತ್ಬಿಡ್ತೀವಿ. ಮೊದಲ ಮೂರು ಮನೆಯಲ್ಲಿ ಅಂಗಡಿಯಲ್ಲಿ ನೋಡಿದ್ದೇ ಬರುತ್ತೆ, ಬರಲಿ ಬಿಡಿ. ಚಂದ ಬರದಿದ್ರೂ ಪರವಾಗಿಲ್ಲ, ಇದನ್ನ ಫ್ರೇಮ್ ಹಾಕಿಸಲ್ಲ.

ಒಂದನ್ನ ಆರಿಸಿಕೊಂಡ್ರಾ? ಈಗ ಟೇಪು ತಗೊಳ್ಳಿ. ಸಂದಿನ ಅಗಲ ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೀರಿ. 918, 912, 905 ಅಂತ ಬಂದ್ರೆ ಗಾಬರಿ ಬೇಡ, ಗೋಡೆಗಳು ಹಾಗೇ ಇರೋದು. ಎಲ್ಲಕ್ಕಿಂತ ಚಿಕ್ಕದೇ ನಿಮ್ಮ ಅಳತೆ. 5 ಬಿಟ್ಟು ಕಪಾಟಿನ ಹೊರ ಅಗಲ 900.

[ದೃಶ್ಯ: ಗ್ರಾಫ್ ಹಾಳೆ, ಹತ್ತಿರದಿಂದ]

ಎರಡನೇ ಸ್ಕೆಚ್ ಗ್ರಾಫ್ ಹಾಳೆ ಮೇಲೆ. ಹಾಳೆಯ 1 ಮಿಲಿಮೀಟರ್ ಅಂದ್ರೆ ನಿಜದಲ್ಲಿ 10. ಕಪಾಟಿನ ಅಗಲ 9 ಸೆಂಟಿಮೀಟರ್, 1800 ಎತ್ತರ 18 ಸೆಂಟಿಮೀಟರ್. ಹಾಳೆಯಲ್ಲಿ ಸಲೀಸಾಗಿ ಹಿಡಿಸುತ್ತೆ.

ಇಲ್ಲಿ ಒಂದೇ ಕಟ್ಟುನಿಟ್ಟು: ಪ್ರತಿ ಹಲಗೆಗೂ ಎರಡು ಗೆರೆ. 18 ಮಿಲಿಮೀಟರ್ ಪ್ಲೈವುಡ್, ಎರಡೂ ಕಡೆ 1 ಮಿಲಿಮೀಟರ್ ಮೈಕಾ, ಒಟ್ಟು 20. ಹಾಳೆ ಮೇಲೆ 2 ಮಿಲಿಮೀಟರ್, ಅಂದ್ರೆ ಎರಡು ಪುಟ್ಟ ಚೌಕ. ಎರಡು ಪಕ್ಕದ ಹಲಗೆ ಸೇರಿ 40 ಹೋಯ್ತು, ಒಳಗೆ ಉಳಿದಿದ್ದು 860.

ಗೆರೆ ಎಳೆದ ಮೇಲೆ ಇನ್ನೊಂದು ತೊಂದರೆ ತಾನಾಗಿ ಎದ್ದು ಕಾಣುತ್ತೆ. ನಡುವೆ ಆಧಾರ ಇಲ್ಲದ 860 ಉದ್ದದ ಹಲಗೆ ತುಂಬ ಪುಸ್ತಕ ಜೋಡಿಸಿದ್ರೆ ದಿನ ಕಳೆದಂತೆ ಅದು ಜೋತುಬೀಳುತ್ತೆ. ನಡುವೆ ಒಂದು ನಿಲುವು ಹಲಗೆ ಕೊಡಿ. 860ರಲ್ಲಿ 20 ಕಳೆದು ಎರಡು ಪಾಲು ಮಾಡಿದ್ರೆ ತಲಾ 420. ಈಗ ಗಟ್ಟಿ. ಕೆಳಗಿನ ಒಂದು ಅಂತಸ್ತಿಗೆ 330 ಎತ್ತರ ಕೊಡಿ, ಎ4 ಫೈಲು ನೆಟ್ಟಗೆ ನಿಲ್ಲಬೇಕಲ್ಲ.

[ದೃಶ್ಯ: ಗೋಡೆ ಮೇಲೆ ಮಾಸ್ಕಿಂಗ್ ಟೇಪಿನ ಚೌಕಟ್ಟು]

ಇದೇ ಅಳತೇಲಿ ಗೋಡೆ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಆಳವನ್ನ ನೆಲದ ಮೇಲೂ ಗುರುತು ಮಾಡಿ, ಒಂದು ದಿನ ಹಾಗೇ ಬಿಡಿ. ಸ್ವಿಚ್‌ಬೋರ್ಡ್ ಕಪಾಟಿನ ಹಿಂದೆ ಸಿಕ್ಕಿಹಾಕಿಕೊಳ್ಳುತ್ತಾ? ಬಾಗಿಲು ಪೂರ್ತಿ ತೆರೆಯುತ್ತಾ? ನೆಲದ ಅಂಚಿನ ಸ್ಕರ್ಟಿಂಗ್ ಗೋಡೆಯಿಂದ ಮುಂದೆ ಬಂದಿದ್ರೆ ಕಪಾಟು ಗೋಡೆಗೆ ಒತ್ತಿ ಕೂರಲ್ಲ. ಹಿಂಬದಿಯ ಕೆಳಮೂಲೆ ಅಷ್ಟು ಕತ್ತರಿಸಬೇಕು ಅಂತ ಸ್ಕೆಚ್‌ನಲ್ಲೇ ಬರೀರಿ.

[ದೃಶ್ಯ: 8 ಅಡಿ, 4 ಅಡಿ ಪ್ಲೈವುಡ್ ಶೀಟಿನ ಚಿತ್ರ]

ಮೂರನೇದು ಕಟಿಂಗ್ ಸ್ಕೆಚ್, ಅಂದ್ರೆ ಪ್ಲೈವುಡ್ ಶೀಟನ್ನ ಎಲ್ಲೆಲ್ಲಿ ಸೀಳಬೇಕು ಅನ್ನೋ ಚಿತ್ರ. ದುಡ್ಡು ಉಳಿಯೋದು ಇಲ್ಲೇ. ಶೀಟಿನ ಅಗಲ 1220. ಆಳ 300 ಇಟ್ರೆ ನಾಲ್ಕು ಪಟ್ಟಿಗೆ 1200 ಸಾಕು. ಗರಗಸ ಪ್ರತಿ ಸೀಳಿಗೆ ಸುಮಾರು 3 ತಿಂದ್ರೂ ನಾಲ್ಕು ಪಟ್ಟಿ ಬರುತ್ತೆ. ಐದೇ ಮಿಲಿಮೀಟರ್ ಹೆಚ್ಚಿಸಿ 305 ಅಂದ್ರೋ, ನಾಲ್ಕಕ್ಕೇ 1220 ಆಗೋಯ್ತು, ಗರಗಸಕ್ಕೆ ಜಾಗವೇ ಇಲ್ಲ. ಸಿಗೋದು ಮೂರೇ ಪಟ್ಟಿ, ಕಾಲು ಶೀಟಿನಷ್ಟು ಮೂಲೆಗೆ.